ಹಾಲಗಂಬ ಬೇರು ಬಿಟ್ಟ ಬಗೆ

ಮೂಡಲಗಿಯ ನಮ್ಮ ಓಣಿಯಲ್ಲಿ ಕೊನೆಯ ಮನೆ ಕೆಂಪವ್ವಾಯಿಯದು. ಆ ಮನೆಯ ಬಾಗಿಲ ಮುಂದೆ ಒಂದು ಅತ್ತಿಯ ಮರವಿತ್ತು. ಅದು ಯಾರೋ ಸಸಿ ತಂದು ನೆಟ್ಟದ್ದಲ್ಲ. ನಮ್ಮ ಕಡೆ ಮದುವೆಯ ಹಂದರ ಹಾಕುವಾಗ ಎಲ್ಲಕ್ಕಿಂತ ಮೊದಲು ಹಾಲು ಬರುವ ಗಿಡದ ಒಂದು ಟೊಂಗೆಯನ್ನು ತಂದು, ಅರಿಷಿಣ ಬಳಿದು, ಬುಡಕ್ಕೆ ಹಾಲೆರೆದು ನೆಡುತ್ತಾರೆ. ಅದೇ ಹಾಲಗಂಬ. ಮದುವೆ ಮುಗಿದ ಮೇಲೆ ಅದು ಒಣಗುತ್ತದೆ, ಒಂದು ದಿನ ಯಾರೋ ಕಿತ್ತು ಒಲೆಗೆ ಇಡುತ್ತಾರೆ. ಕೆಂಪವ್ವಾಯಿಯ ಮದುವೆಯ ಹಾಲಗಂಬ ಮಾತ್ರ ಒಣಗಲಿಲ್ಲ. ಚಿಗುರಿತು, ಟೊಂಗೆಯೊಡೆಯಿತು, ಮನೆಗಿಂತ ಎತ್ತರವಾಯಿತು.

ಅದು ಯಾಕೆ ಬೇರು ಬಿಟ್ಟಿತು ಎಂಬುದು ಇಷ್ಟು ವರ್ಷ ಯಾರಿಗೂ ಬೇಕಾಗಿರಲಿಲ್ಲ. ಬೇಕಾದದ್ದು ಹೋದ ವರ್ಷ. ನಡೆದದ್ದರಲ್ಲಿ ಹೆಚ್ಚಿನದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶಾಲೆ ಕಲಿಯುವುದನ್ನು ಬಿಟ್ಟ ಮೇಲೆ ಹಗಲೆಲ್ಲ ಮನೆಯಲ್ಲೇ ಇರುವುದರಿಂದ ಓಣಿಯದೆಲ್ಲ ಕಾಣುತ್ತದೆ. ಹುಕ್ಕೇರಿಯ ನರ್ಸರಿಯಲ್ಲಿ ಮತ್ತು ಕೊಣ್ಣೂರಿನಲ್ಲಿ ನಡೆದದ್ದನ್ನು ಕೆಂಪವ್ವಾಯಿಯ ಬಾಯಿಂದ ಕೇಳಿ ಬರೆದಿದ್ದೇನೆ. ಸಂಶಯ ಬಂದಲ್ಲಿ ಮತ್ತೆ ಹೋಗಿ ಕೇಳಿದ್ದೇನೆ.

ಕೇಳಿದರೆ ಆಕೆಗೆ ಬೇಸರವಿಲ್ಲ. ಆಕೆಯೇ ಕೇಳುವವಳು. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಹುಟ್ಟಿ, ಮೂಡಲಗಿಗೆ ಸೊಸೆಯಾಗಿ ಬಂದು, ಗಂಡ ಬಸವಣ್ಣೆಪ್ಪನ ಜೊತೆ ಕಬ್ಬಿನ ಹೊಲದಲ್ಲಿ ಕಳೆ ಕೀಳುತ್ತ ಕೂದಲು ಬೆಳ್ಳಗಾಗಿಸಿಕೊಂಡವಳು. ಗಂಡ ಈಗಿಲ್ಲ. ಗೋಕಾಕದ ಸಂತೆಗೆ ಹೋದರೆ ಕರದಂಟು ಮಾಡುವವನ ಮುಂದೆ ನಿಂತು, ಅಂಟು ಎಣ್ಣೆಯಲ್ಲಿ ಬಿದ್ದ ಕೂಡಲೇ ಯಾಕೆ ಅರಳುತ್ತದೆ ಎಂದು ಕೇಳುತ್ತಾಳೆ. ‘ಅರಳೂ ಅಂಥಾದ್ದೈತಿ, ಅರಳತೈತ್ರಿ ಆಯಿ’ ಎಂದು ಅವನು ಹೇಳಿದರೆ, ‘ಹಂಗಾರ ಕಲ್ಲ ಹಾಕಿ ನೋಡು, ಅದೂ ಅರಳಲಿ’ ಎಂದು ಬರುತ್ತಾಳೆ.

ಹೋದ ವರ್ಷ ಚಳಿ ಶುರುವಾದಾಗ ಮಗ ಶಿವಪುತ್ರ ಹಳೆಯ ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟ. ಮನೆ ಕಟ್ಟುವ ಗೌಂಡಿ ಬಂದು ಜಾಗ ನೋಡಿ, ಅತ್ತಿಯ ಬೇರು ಅಡುಗೆಮನೆಯ ಗೋಡೆಯೊಳಗೆ ಹೊಕ್ಕದ್ದನ್ನು ತೋರಿಸಿದ.

‘ಯವ್ವಾ, ಅಡಿಪಾಯ ತಗಿಯೂದಾದ್ರ ಗಿಡ ತಗೀಬೇಕಾಗತೈತಿ’ ಎಂದು ಶಿವಪುತ್ರ ಮೆಲ್ಲಗೆ ಹೇಳಿದ. ಜಗಳಕ್ಕೆ ತಯಾರಾಗಿಯೇ ಬಂದಿದ್ದ.

‘ತಗಿ. ನಾ ಬ್ಯಾಡ ಅನ್ನಂಗಿಲ್ಲ. ಖರೆ ಒಂದ ಮಾತ. ಇದರದು ಒಂದ ಟೊಂಗಿ ನಮ್ಮ ಹೊಲದಾಗ ಬೇರ ಬಿಡಬೇಕು. ಮೊದಲ ಬೇರ, ಆಮ್ಯಾಲ ಕೊಡ್ಲಿ.’

‘ಅತ್ತಿ ಸಸಿ ನರ್ಸರ್ಯಾಗ ಬೇಕಾದಷ್ಟ ಸಿಗತಾವಲ್ಲ.’

‘ಸಿಗತಾವ. ಅವು ನನ್ನ ಮದುವಿಗೆ ಬಂದಿದ್ವೇನ?’

ಶಿವಪುತ್ರ ಒಪ್ಪಿಕೊಂಡ. ಟೊಂಗೆಗೆ ಬೇರು ಬರಿಸುವುದು ಅವನಿಗೆ ದೊಡ್ಡ ಕೆಲಸವೆನಿಸಲಿಲ್ಲ. ಕಾಲುವೆಯ ನೀರಿನ ಹೊಲ ಅವನದು, ಕಬ್ಬು ನೆಡುವುದರಲ್ಲಿ ಅವನ ಕೈ ಊರಿಗೇ ಗೊತ್ತು. ಕಬ್ಬಿನವರಿಗೆ ನೆಡುವುದೆಂದರೆ ಮಲಗಿಸುವುದು. ಎರಡು ಮೂರು ಕಣ್ಣಿನ ತುಂಡು ಮಾಡಿ, ಸಾಲಿನಲ್ಲಿ ಅಡ್ಡ ಮಲಗಿಸಿ, ಮಣ್ಣೆಳೆದು, ನೀರು ಹಾಯಿಸಿಬಿಟ್ಟರೆ ಮುಗಿಯಿತು. ಅವನು ಅತ್ತಿಗೂ ಹಾಗೆಯೇ ಮಾಡಿದ. ಅರ್ಧ ಸಾಲು ಕಬ್ಬಿನ ಬೀಜ, ಅರ್ಧ ಸಾಲು ಅತ್ತಿಯ ತುಂಡು. ಎರಡಕ್ಕೂ ಒಂದೇ ನೀರು.

ಕಬ್ಬು ಎದ್ದಿತು. ಅತ್ತಿ ಏಳಲಿಲ್ಲ. ಕೆಂಪವ್ವಾಯಿ ಹೋಗಿ ಒಂದೊಂದನ್ನೇ ಅಗೆದು ನೋಡಿದಳು. ತೊಗಟೆ ಕಪ್ಪಾಗಿ, ಹಿಡಿದರೆ ಜಾರಿ ಕೈಗೆ ಬಂತು. ಹುಳಿ ನಾತ. ಆಕೆ ಒಂದು ಕಬ್ಬಿನ ತುಂಡನ್ನೂ ಒಂದು ಅತ್ತಿಯ ತುಂಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ‘ಒಂದ ಮಣ್ಣು, ಒಂದ ನೀರು. ಅದು ಯಾಕ ಬದುಕತು, ಇದು ಯಾಕ ಕೊಳೀತು?’ ಎಂದು ಬಂದವರನ್ನೆಲ್ಲ ಕೇಳಿದಳು. ಕೊನೆಗೆ ಆ ಎರಡು ತುಂಡುಗಳ ಸಮೇತ ಹುಕ್ಕೇರಿಯ ಬಸ್ಸು ಹತ್ತಿದಳು.

ಹುಕ್ಕೇರಿಯ ಹತ್ತಿರ ಆಕೆಯ ಅಕ್ಕನ ಮಗ ಮಾಳಪ್ಪನ ನರ್ಸರಿ ಇದೆ. ಬದುವಿನ ಮೇಲೆ ನೆಡಲು ಸಾಗವಾನಿ, ಹೆಬ್ಬೇವಿನ ಸಸಿಗಳನ್ನು ಬೆಳೆಸಿ ಮಾರುತ್ತಾನೆ. ಕೆರೆ ದಂಡೆಗೆ, ರಸ್ತೆ ಬದಿಗೆ ನೆಡುವ ಸಸಿಗಳೂ ಅವನಲ್ಲಿ ಸಿಗುತ್ತವೆ. ಅವನು ಚಿಗವ್ವ ತಂದ ಎರಡೂ ತುಂಡುಗಳನ್ನು ನೋಡಿ ನಕ್ಕ.

‘ಶಿವಪುತ್ರಣ್ಣ ಗಿಡಕ್ಕೂ ಕಬ್ಬಿನ ಲೆಕ್ಕಾ ಹಚ್ಯಾನ. ಇಲ್ಲಿ ನೋಡು ಚಿಗವ್ವಾ. ಕಬ್ಬಿನ ಕಣ್ಣಿನ ಬಾಜೂಕ ಸುತ್ತ ಚುಕ್ಕಿ ಕಾಣತಾವಲ್ಲ, ಅವ ಬೇರಿನ ಮೊಳಕಿ. ಕಬ್ಬು ಬೇರನ್ನ ಕಿಸೇದಾಗ ಇಟಗೊಂಡ ಬಂದಿರತೈತಿ. ನೀರ ಸಿಕ್ರ ಹೊರಗ ತಗೀತೈತಿ, ಅಷ್ಟ. ಅತ್ತಿ ಕಿಸೇದಾಗ ಏನೂ ಇಲ್ಲ. ಅದು ಹೊಸದಾಗಿ ಹುಟ್ಟಸಬೇಕು.’

‘ಎಲ್ಲಿಂದ ಹುಟ್ಟಸತೈತಿ?’

‘ಕಡದ ಗಾಯದಿಂದ. ಅದಕ್ಕ ಹಸಿ ಬೇಕು, ಗಾಳೀನೂ ಬೇಕು. ನೀವು ನೀರಾಗ ಮುಳಗಿಸಿ ಉಸರ ಕಟ್ಟಿಸೀರಿ.’

ಕೆಂಪವ್ವಾಯಿ ಕಬ್ಬಿನ ಚುಕ್ಕಿಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳಂತೆ. ಜೀವಮಾನವೆಲ್ಲ ಕೈಯಾಡಿಸಿದ ಕಬ್ಬು, ಒಮ್ಮೆಯೂ ಅವನ್ನು ನೋಡಿರಲಿಲ್ಲವಲ್ಲ ಎಂದಳಂತೆ.

ಮಾಳಪ್ಪ ಮೂಡಲಗಿಗೆ ಬಂದು ತಾನೇ ಟೊಂಗೆ ಆರಿಸಿದ. ಮರದ ಮೇಲ್ಗಡೆಯಿಂದ ಹೆಬ್ಬೆರಳ ದಪ್ಪದವನ್ನು ಕಡಿದ. ಗಾಯದಿಂದ ಹಾಲು ಸುರಿಯುವುದು ನಿಲ್ಲುವ ತನಕ ನೀರಿನಲ್ಲಿ ಇಟ್ಟು ತೊಳೆದ. ಹಾಲು ಅಲ್ಲೇ ಒಣಗಿದರೆ ಗಾಯದ ಮೇಲೆ ಗೋಂದು ಬಳಿದಂತಾಗಿ ತುಂಡು ನೀರು ಕುಡಿಯುವುದಿಲ್ಲವಂತೆ. ಆಮೇಲೆ ಹುಕ್ಕೇರಿಗೆ ಒಯ್ದು, ಬುಡಕ್ಕೆ ಬೇರು ಬರಿಸುವ ಬಿಳಿ ಪುಡಿ ಹಚ್ಚಿ, ಉಸುಕಿನ ಮಡಿಯಲ್ಲಿ ಸಾಲಾಗಿ ನಿಲ್ಲಿಸಿದ. ಮೇಲೆ ಹಸಿರು ನೆರಳು ಬಲೆ, ಒಳಗೆ ಪ್ಲಾಸ್ಟಿಕ್ ಹೊದಿಕೆ.

ಸಂಕ್ರಾಂತಿ ಮುಗಿದು ಕೆಲವು ದಿನಗಳಲ್ಲೇ ಅವು ಎಲೆ ಬಿಟ್ಟವು. ಫೋನಿನಲ್ಲಿ ಚಿತ್ರ ಬಂತು. ಕೆಂಪವ್ವಾಯಿ ಅದನ್ನು ಓಣಿಗೆಲ್ಲ ತೋರಿಸಿ ಸಕ್ಕರೆ ಹಂಚಿದಳು, ನಮ್ಮ ಮನೆಗೂ ಬಂದಿತ್ತು. ಶಿವಪುತ್ರ ಗೌಂಡಿಗೆ ಹೇಳಿ ಕಳಿಸಿದ. ಆದರೆ ಕೆಂಪವ್ವಾಯಿಗೆ ಎಲೆ ನೋಡಿ ಸಮಾಧಾನವಾಗಲಿಲ್ಲ, ಬೇರು ನೋಡಬೇಕಿತ್ತು. ಮತ್ತೆ ಹುಕ್ಕೇರಿಗೆ ಹೋದಳು. ಮಾಳಪ್ಪ ಚಹಾ ತರಲು ಹೋದಾಗ ಒಂದನ್ನು ಮೆಲ್ಲಗೆ ಎಳೆದು ನೋಡಿದಳು. ಬೇರಿರಲಿಲ್ಲ. ಇನ್ನೊಂದನ್ನು ಎಳೆದಳು. ಅದಕ್ಕೂ ಇರಲಿಲ್ಲ.

ಮಾಳಪ್ಪ ಚಹಾ ಹಿಡಿದು ಬಂದವನು ನಿಂತೇ ನೋಡಿದ. ‘ಕಿತ್ತ ನೋಡಿದ್ರ ಬೇರ ನಾಚಿಕೊಂಡ ಒಳಗ ಹೋಗತಾವ ಚಿಗವ್ವಾ.’

‘ಹೋಗಾಕ ಇರಬೇಕಲ್ಲ. ಬೇರ ಇಲ್ಲದ ಎಲಿ ಹೆಂಗ ಬಂತು?’

‘ಕಡ್ಡಿ ಒಳಗ ಕೂಡಿಟ್ಟ ಗಂಟ ಇರತೈತಿ. ಅದನ್ನ ಖರ್ಚ ಮಾಡಿ ಎಲಿ ಹೊಡದಾವ. ಮನ್ಯಾಗ ಕಾಳಿಲ್ಲದ ಊರಿಗೆಲ್ಲಾ ಊಟಾ ಹಾಕಿದಂಗ.’

ಮುಂದಿನ ವಾರ ಎಲೆಗಳೆಲ್ಲ ಬಾಡಿದವು. ಅವನೂ ಎಲ್ಲವನ್ನೂ ಕಿತ್ತು ನೋಡಿದ, ಒಂದಕ್ಕೂ ಬೇರು ಬಂದಿರಲಿಲ್ಲ. ಪುಡಿ ಹಳೆಯದಿರಬೇಕು ಎಂದ. ಚಳಿ ಹೆಚ್ಚಾಯಿತೇನೋ ಎಂದ. ಕೊನೆಗೆ, ‘ನನಗೂ ತಿಳೀವಲ್ತು’ ಎಂದ.

ಗೌಂಡಿ ಕಾಯುತ್ತಿದ್ದ. ಮಳೆಗಾಲದೊಳಗೆ ಗೋಡೆ ಏಳದಿದ್ದರೆ ಮನೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಶಿವಪುತ್ರ ಮರದ ಬುಡಕ್ಕೆ ತಂದಿಟ್ಟ ಇಟ್ಟಿಗೆಗಳ ಮೇಲೆ ಕುಳಿತು ಸುಮ್ಮನೆ ಟೊಂಗೆಗಳನ್ನು ನೋಡುತ್ತಿದ್ದ. ಒಂದು ಸಂಜೆ ಕೆಂಪವ್ವಾಯಿ ಅವನ ಪಕ್ಕ ಬಂದು ಕುಳಿತಳು.

‘ಆವತ್ತ ಇದಕ್ಕ ಬೇರ ಬರಲಿ ಅಂತ ಯಾರೂ ಬೇಡಿರಲಿಲ್ಲ, ಬಂತು. ಈಗ ಇಷ್ಟ ಮಂದಿ ಬೇಡಾಕತ್ತೇವಿ, ಬರವಲ್ತು. ಆವತ್ತ ಏನ ಮಾಡಿದ್ರು ಅಂತ ಕೇಳಬೇಕಲ್ಲ?’

‘ಯಾರನ್ನ ಕೇಳತಿ?’

‘ತಂದವರನ್ನ.’

ಅವರ ಮನೆತನದಲ್ಲಿ ಹಾಲಗಂಬ ತರುವುದು ಮನೆಯ ಅಳಿಯನ ಹಕ್ಕು. ಕೆಂಪವ್ವಾಯಿಯ ಮದುವೆಯಲ್ಲಿ ಅದನ್ನು ತಂದವನು ಬಸವಣ್ಣೆಪ್ಪನ ಅಕ್ಕನ ಗಂಡ ಹಣಮಂತ. ಈಗ ಬಹಳ ವಯಸ್ಸಾಗಿದೆ, ಕೊಣ್ಣೂರಿನಲ್ಲಿ ಮಗನ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಕಣ್ಣು ಮಸುಕು, ಬಾಯಿ ಚುರುಕು.

‘ಇಷ್ಟ ವರ್ಷ ಬಿಟ್ಟ ಮದುವಿ ತಕರಾರ ತಂದೀಯೇನವಾ ಕೆಂಪವ್ವ? ಬಸವಣ್ಣೆಪ್ಪನೂ ಹೋದಾ, ಈಗ ಯಾರಿಗೆ ಹೇಳೂದು?’

‘ತಕರಾರ ಅಲ್ಲರಿ ಅಣ್ಣಾರ. ನನ್ನ ಹಾಲಗಂಬ ಎಲ್ಲಿಂದ ಕಡದಿದ್ರಿ ಹೇಳ್ರಿ.’

‘ಗಿಡದಿಂದ.’

‘ಅದು ನನಗೂ ಗೊತ್ತ. ಗಿಡದಾಗ ಎಲ್ಲಿಂದ?’

ಮುದುಕ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಇದನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

‘ಹೊಳಿ ದಂಡ್ಯಾಗ ಒಂದ ಅತ್ತಿ ಇತ್ತು. ಇಡೀ ಊರಿನ ಮದುವಿಗೆ ಅದ ಕಂಬಾ ಕೊಡೂದು. ಕಡದು ಕಡದು ಮೊಂಡ ಆಗಿತ್ತು. ಮ್ಯಾಲಿನ ಟೊಂಗಿ ಸೊಟ್ಟ ಇರತಾವ, ಹಾಲಗಂಬ ಸೊಟ್ಟ ಇದ್ರ ಮಂದಿ ಆಡಿಕೋತಾರ, ಸಂಸಾರ ಹಂಗ ಆಗತೈತಿ ಅಂತ. ಹಿಂದಿನ ವರ್ಷ ಕಡದ ಜಾಗಾದಾಗ ಹೊಸಾ ಚಿಗರ ಏಳತೈತಿ ನೋಡು, ಅದು ಬಂದೂಕಿನ ನಳಿಗಿ ಹಂಗ ನೆಟ್ಟಗ. ಮೊಂಡದಾಗಿಂದ ಅದನ್ನ ಕಡದೆ.’

‘ತಂದ ದಿನಾನ ನೆಟ್ರಿ?’

‘ಎಲ್ಲಿ ನೆಡೂದು? ನಾ ಕಂಬಾ ತಂದ ದಿನಾನ ನಿಮ್ಮ ಮಾವನ ಅಕ್ಕ ತೀರಕೊಂಡಳು. ಮದುವಿ ಮುಂದ ಹೋತಲ್ಲ.’

‘ಅದು ಗೊತ್ತೈತ್ರಿ.’

‘ನಿನಗ ಮದುವಿ ಮುಂದ ಹೋಗಿದ್ದ ಗೊತ್ತ, ಕಂಬದ ಗತಿ ಗೊತ್ತಿಲ್ಲ. ಪೂಜಿ ಮಾಡಿ ಕಡದದ್ದು, ಒಗಿಯೂ ಹಂಗಿಲ್ಲ. ಸೂತಕದ ಮನಿ, ನೆಡೂ ಹಂಗೂ ಇಲ್ಲ. ದನದ ಮನ್ಯಾಗ ದನಾ ನೀರ ಕುಡಿಯೂ ದೋಣಿ ಬಾಜೂಕ ನಿಲ್ಲಿಸಿ, ಬುಡಕ್ಕ ಹಸಿ ಗೋಣಿ ತಟ್ಟ ಸುತ್ತಿ ಇಟ್ಟೆ. ದನಾ ಮಾರಿ ಝಾಡಿಸಿದಾಗೊಮ್ಮೆ ನೀರ ಸಿಡೀತಿತ್ತು. ಹೊಸಾ ಮುಹೂರ್ತ ಸಿಗೂ ತನಕ ಅಲ್ಲೇ ಇತ್ತು.’

‘ನೆಡೂ ಮುಂದ ತಟ್ಟ ಬಿಚ್ಚಿದ್ರಲ್ಲ. ಬುಡ ಹೆಂಗಿತ್ತು?’

‘ಬೆಳ್ಳಗ ಕಾಳ ಕಾಳ ಎದ್ದಿತ್ತು, ನವಣಕ್ಕಿ ಅಂಟಿಸಿದಂಗ. ಏನ ರೋಗೋ ಅಂತ ಅರಿಷಿಣ ಜಾಸ್ತಿ ಬಳದೆ.’

ಕೆಂಪವ್ವಾಯಿ ಊಟಕ್ಕೂ ನಿಲ್ಲದೆ ಎದ್ದಳು. ‘ಕಂಬಾ ಕೇಳಾಕ ಬಂದು ಉಪಾಸ ಹೊಂಟಳು’ ಎಂದು ಮುದುಕ ಸೊಸೆಗೆ ಕೂಗಿ ಹೇಳಿದ. ಗೋಕಾಕದ ಬಸ್ ನಿಲ್ದಾಣದಲ್ಲಿ ಯಾರದೋ ಕೈಯಿಂದ ಮಾಳಪ್ಪನ ನಂಬರು ಹಚ್ಚಿಸಿ, ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

‘ಚಿಗವ್ವಾ,’ ಎಂದ ಮಾಳಪ್ಪ, ‘ನಾ ಹೆಬ್ಬೇವಿನ ಕಟಿಂಗ್ ಎಲ್ಲಿಂದ ತಗೀತೇನಿ ಗೊತ್ತೇನ? ಒಳ್ಳೆ ಗಿಡಾನ ಮೊಣಕಾಲ ಮಟಾ ಕಡದು, ಮೊಂಡದಿಂದ ಏಳೂ ಚಿಗರ ತಗೀತೇನಿ. ಗಿಡದ ತಲಿಗೆ ವಯಸ್ಸಾಗಿರತೈತಿ, ಹೂವು ಕಾಯಿ ಬಿಡೂದ ಅದರ ಧ್ಯಾನ. ಬುಡದಿಂದ ಎದ್ದ ಚಿಗರು ಕೂಸಿದ್ದಂಗ, ಲಗೂನ ಬೇರ ಬಿಡತೈತಿ. ಅತ್ತಿಗೂ ಅದ ಮಾತ ಅಂತ ನನಗ ಹೊಳೀಲಿಲ್ಲ.’

‘ಯಾಕ ಹೊಳೀಲಿಲ್ಲ?’

‘ಹೊಳದ್ರೂ ಹೆಂಗ ಹೇಳಲಿ? ಮೊಂಡದಿಂದ ಚಿಗರ ಬೇಕಂದ್ರ ಮೊದಲ ಗಿಡಾ ಕಡೀಬೇಕಲ್ಲ. ನೀ ಬೇರ ಬರೂ ತನಕ ಕೊಡ್ಲಿ ಮುಟ್ಟಬ್ಯಾಡ ಅಂದೀದಿ.’

ಮನೆಗೆ ಬಂದಾಗ ಕೆಂಪವ್ವಾಯಿ ಚಪ್ಪಲಿ ಬಿಡುವ ಮೊದಲು ಮರದ ಸುತ್ತ ಒಂದು ಸುತ್ತು ಹಾಕಿದ್ದನ್ನು ನಾನು ನೋಡಿದೆ. ಒಳಗೆ ಹೋಗಿ ಮಗನಿಗೆ, ‘ಕಡಿ’ ಎಂದಳು.

‘ಬೇರ ಬಂದೈತೇನು?’

‘ಇಲ್ಲ.’

ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಶಿವಪುತ್ರನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ‘ಮೊಂಡ ಒಡೀಲಿಲ್ಲ ಅಂದ್ರ?’ ಎಂದು ಕೇಳಿದ.

‘ಒಡೀಲಿಲ್ಲ ಅಂದ್ರ ಹೋತು.’

‘ಆಮ್ಯಾಲ ನನಗ ಅನಬ್ಯಾಡ ಯವ್ವಾ.’

‘ನಿನಗ್ಯಾಕ ಅನ್ನಲಿ? ಕೊಡ್ಲಿ ತರಾಕ ಹೇಳಿದಾಕಿ ನಾನು.’

ಯುಗಾದಿಯ ಹಿಂದುಮುಂದಿನಲ್ಲಿ ಮರ ಕಡಿದರು. ಕಡಿಯುವವರು ಕಾಯಿ ಒಡೆದು ಊದುಬತ್ತಿ ಹಚ್ಚಿ, ಮೊದಲ ಏಟನ್ನು ಮೆಲ್ಲಗೆ ಹಾಕಿದರು. ಸೊಂಟದ ಎತ್ತರಕ್ಕೆ ಕಡಿದು ಬುಡ ಉಳಿಸಿದರು. ಗಾಯದಿಂದ ಹಾಲು ಇಳಿದು ಮಣ್ಣಿನ ಮೇಲೆ ಮಡುವಾಯಿತು. ಕೆಂಪವ್ವಾಯಿ ಅದರ ಮೇಲೆ ಸೆಗಣಿ ಮೆತ್ತಿದಳು. ಬಿದ್ದ ಮರದ ತಲೆಯಿಂದ ಕೆಲವು ಟೊಂಗೆಗಳನ್ನು ಕಡಿಸಿಕೊಂಡು, ಬುಡಕ್ಕೆ ಹಸಿ ಗೋಣಿತಟ್ಟು ಸುತ್ತಿ, ದನದ ದೋಣಿಯ ಪಕ್ಕದಲ್ಲಿ ನಿಲ್ಲಿಸಿದಳು. ಕೆಲಸ ಮಾಡಿದ್ದು ಗೋಣಿತಟ್ಟೋ ಚಿಗುರಿನ ಎಳೆತನವೋ ಎಂದು ಬೇರೆ ಬೇರೆ ಮಾಡಿ ನೋಡಬೇಕಿತ್ತಂತೆ. ಅವು ಕೆಲವು ದಿನ ಹಸಿರಾಗಿದ್ದು ಒಣಗಿದವು. ಬರೀ ತಟ್ಟಿನಿಂದ ಆಗುವುದಿಲ್ಲ ಎಂಬುದು ಅಲ್ಲಿಗೆ ತಿಳಿಯಿತು.

ಓಣಿಯಲ್ಲಿ ನೆರಳು ಹೋಯಿತು. ‘ಕಡೀಕ ಮಗಾನ ಗೆದ್ದ ನೋಡು’ ಎಂದು ಮಂದಿ ಅಂದರು. ಗೌಂಡಿ ಇನ್ನೊಂದು ಬದಿಯಿಂದ ಅಡಿಪಾಯ ತೆಗೆಯತೊಡಗಿದ. ಬಿಸಿಲು ಏರಿತು, ಮೊಂಡದ ಸೆಗಣಿ ಒಣಗಿ ಬಿರುಕು ಬಿಟ್ಟಿತು. ಕೆಂಪವ್ವಾಯಿ ದಿನವೂ ಅದರ ಮೈಮೇಲೆ ಬೆರಳಾಡಿಸಿ ನೋಡುತ್ತಿದ್ದಳು, ಏನೂ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಆಕೆ ಯಾರನ್ನೂ ಏನೂ ಕೇಳಲಿಲ್ಲ. ನಾನು ಗಮನಿಸಿದ್ದು ಅದೇ.

ಮೊದಲು ಕಂಡದ್ದು ಸೊಸೆ ರಾಧಿಕಾಳಿಗೆ. ಬಟ್ಟೆ ಒಣಹಾಕಲು ಬಂದವಳು ಬಗ್ಗಿ ನಿಂತಳು. ‘ಅತ್ತ್ಯಾರ, ಸ್ವಲ್ಪ ಬರ್ರಿ ಇಲ್ಲಿ. ಕೊರಡಿನ ಮ್ಯಾಲ ಕೆಂಪ ಇರಿವಿ ಕುಂತಾವೋ, ಚಿಗರ ಒಡದಾವೋ ನೋಡ್ರಿ.’

ಇರುವೆಯಲ್ಲ. ತೊಗಟೆ ಸೀಳಿಕೊಂಡು ಮೊಂಡದ ಸುತ್ತ ಕೆಂಪು ಮೊಗ್ಗುಗಳು ಎದ್ದಿದ್ದವು. ಎರಡು ಬಿಸಿಲು ಕಾಯುವುದರೊಳಗೆ ಅವು ಎಲೆ ಬಿಚ್ಚಿದವು. ಮೊದಲ ಮಳೆ ಬಿದ್ದ ಮೇಲೆ ನೆಟ್ಟಗೆ, ಒಂದಕ್ಕೊಂದು ಹೊಂದಿಕೊಂಡು ಏರಿದವು. ಹಳೆಯ ಮರದ ಎಲೆ ನಯವಾಗಿತ್ತು, ಇವುಗಳ ಎಲೆ ಮುಟ್ಟಿದರೆ ಒರಟು. ಒಂದೇ ಬುಡ, ಎಲೆ ಯಾಕೆ ಬೇರೆ ಎಂದು ಕೆಂಪವ್ವಾಯಿ ಮಾಳಪ್ಪನನ್ನು ಕೇಳಿದಳು. ಎಳೆಗರುವಿನ ಕೂದಲು ದೊಡ್ಡ ಆಕಳಿನ ಕೂದಲಿನಂತೆ ಇರುತ್ತದೇನು ಎಂದು ಅವನು ತಿರುಗಿ ಕೇಳಿದ.

ಚಿಗುರಿನ ಬುಡ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಾಳಪ್ಪ ಬಂದು ಕಡಿದ. ಹಾಲು ತೊಳೆದು, ಎಲೆಗಳನ್ನು ಅರ್ಧರ್ಧ ಕತ್ತರಿಸಿ, ಹಸಿ ತಟ್ಟಿನಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟರು. ಆಮೇಲೆ ಬಿಚ್ಚಿದಾಗ ಬುಡದಲ್ಲಿ ನವಣಕ್ಕಿಯಂಥ ಬಿಳಿ ಕಾಳುಗಳು. ಕೆಂಪವ್ವಾಯಿ ಕನ್ನಡಕ ಹಾಕಿಕೊಂಡು ನೋಡಿ, ‘ಅಣ್ಣಾರು ರೋಗ ಅಂದಿದ್ದ ಇದ ಇರಬೇಕು’ ಎಂದಳು. ಅರ್ಧಕ್ಕೆ ಪುಡಿ ಹಚ್ಚಿದರು, ಅರ್ಧಕ್ಕೆ ಹಚ್ಚಲಿಲ್ಲ. ಉಸುಕು ಬೆರೆಸಿದ ಮಣ್ಣಿನ ಚೀಲಗಳಲ್ಲಿ ನೆಟ್ಟು ಮಾಳಪ್ಪ ಹುಕ್ಕೇರಿಗೆ ಒಯ್ದ. ಚಿಗವ್ವನ ಕೈಗೆ ಸಿಗದಿರಲೆಂದು ಬೇಕೆಂದೇ ದೂರ ಒಯ್ದೆ ಎಂದು ನನಗೆ ಆಮೇಲೆ ಹೇಳಿದ.

ಶ್ರಾವಣದಲ್ಲಿ ಅವನು ಗಾಡಿಯಲ್ಲಿ ಚೀಲಗಳನ್ನು ಹೇರಿಕೊಂಡು ಬಂದ. ತಳದ ತೂತುಗಳಿಂದ ಬಿಳಿ ಬೇರು ಹೊರಗೆ ಇಣುಕುತ್ತಿದ್ದವು. ಪುಡಿ ಹಚ್ಚಿದವಕ್ಕೆ ದಟ್ಟವಾಗಿ, ಹಚ್ಚದವಕ್ಕೆ ತೆಳುವಾಗಿ ಬಂದಿದ್ದವು. ಕೆಲವು ಸತ್ತಿದ್ದವು. ಹೆಚ್ಚಿನವು ಬದುಕಿದ್ದವು. ಕೆಂಪವ್ವಾಯಿ ಒಂದು ಚೀಲವನ್ನು ಎತ್ತಿ ಹಿಡಿದು ಬೇರಿನ ತುದಿಯನ್ನು ಉಗುರಿನಿಂದ ಮುಟ್ಟಿದಳು. ಆಮೇಲೆ ಮಗನ ಕಡೆ ನೋಡಿ, ‘ಇನ್ನ ಮೊಂಡ ತಗಿಸು’ ಎಂದಳು. ತನಗೆ ಬೇಕಾದ ಒಂದನ್ನು ಇಟ್ಟುಕೊಂಡು, ಉಳಿದವನ್ನು ಕಾಲುವೆಯ ದಂಡೆಗೆ ನೆಡಲು ಕೇಳಿದವರಿಗೆ ಕೊಡಲು ಮಾಳಪ್ಪನಿಗೇ ಬಿಟ್ಟಳು.

ಮೊಂಡ ಕೀಳಲು ಜೆಸಿಬಿ ಬಂತು. ಅದು ಬುಡವನ್ನು ಎತ್ತಿ ಪಕ್ಕಕ್ಕೆ ಉರುಳಿಸಿದಾಗ ಕೆಂಪವ್ವಾಯಿ ಗಾಡಿಯವನಿಗೆ ಕೈ ಅಡ್ಡ ಹಿಡಿದು ಗುಂಡಿಯೊಳಗೆ ಇಳಿದಳು.

‘ಆಯಿ, ಮ್ಯಾಲ ಬರ್ರಿ. ತಾಸಿನ ಬಾಡಗಿ ಐತಿ’ ಎಂದು ಅವನು ಕೂಗಿದ.

‘ತಡಿಯೋ ತಮ್ಮಾ. ಇವು ಎಲ್ಲಿ ಹೊಂಟಿದ್ವು ನೋಡತೇನಿ.’

ತುಂಡಾದ ಬೇರುಗಳನ್ನು ಆಕೆ ಒಂದೊಂದಾಗಿ ಹಿಡಿದು ನೋಡಿದಳು. ಓಣಿಯ ಕಡೆ ಹೋದವು ಸಣ್ಣವು. ತೋಳಿನ ದಪ್ಪದವೆಲ್ಲ ಒಂದೇ ದಿಕ್ಕಿಗೆ, ಅಡುಗೆಮನೆಯ ಗೋಡೆಯ ಕೆಳಗಿನಿಂದ ಬಚ್ಚಲಿನ ಮೋರಿಗೆ ಹೋಗಿದ್ದವು. ಗೋಡೆ ಅವಕ್ಕೆ ಬೇಕಾಗಿರಲಿಲ್ಲ. ನೀರಿನ ದಾರಿಗೆ ಅದು ಅಡ್ಡ ಇತ್ತು, ಅಷ್ಟೇ.

ಮರುದಿನ ಹೊಲಕ್ಕೆ ಸಸಿ ಒಯ್ದಾಗ ನಾನೂ ಹೋಗಿದ್ದೆ. ಬಾವಿಯ ದಂಡೆಯ ಪಂಪಿನ ಮನೆಯ ಪಕ್ಕದಲ್ಲಿ ಶಿವಪುತ್ರ ಮೊದಲೇ ಗುಂಡಿ ತೋಡಿಟ್ಟಿದ್ದ. ಅವ್ವ ಊಟಕ್ಕೆ ಕುಳಿತರೆ ನೆರಳಿರಲಿ ಎಂದು ಅವನೇ ಆರಿಸಿದ ಜಾಗ. ಕೆಂಪವ್ವಾಯಿ ಗುಂಡಿ ನೋಡಿದಳು, ಬಾವಿ ನೋಡಿದಳು, ನೆಲದೊಳಗೆ ಹೋಗುವ ಪೈಪು ನೋಡಿದಳು.

‘ಇಲ್ಲಿ ಬ್ಯಾಡ.’

‘ಯಾಕ? ಎದಿಮಟಾ ತೋಡೇನಿ ಯವ್ವಾ.’

‘ನಿನ್ನೆ ನೋಡಿಲ್ಲೇನ? ಇದು ನೀರ ಹುಡುಕ್ಕೊಂಡ ಹೋಗೂ ಜಾತಿ. ಇಲ್ಲಿ ನೆಟ್ರ ಬಾವಿ ಕಟ್ಟಿ ಒಡೀತೈತಿ, ನಿನ್ನ ಮಕ್ಕಳು ಕೊಡ್ಲಿ ತರತಾರ. ಹಳ್ಳದ ಬದುವಿಗೆ ಹಾಕು. ಅಲ್ಲಿ ಎಷ್ಟ ಕುಡೀತೈತಿ ಕುಡೀಲಿ.’

ಶಿವಪುತ್ರ ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ನಡೆದ. ತೋಡಿದ ಗುಂಡಿಯನ್ನು ಯಾರು ಮುಚ್ಚಬೇಕು ಎಂದು ಹೋಗುತ್ತಲೇ ಕೇಳಿದ. ಕೆಂಪವ್ವಾಯಿ ಸಸಿಯನ್ನು ನೆರಳಿಗಿಟ್ಟು, ಆಗಲೇ ಕಾಲಿನಿಂದ ಮಣ್ಣು ಎಳೆಯತೊಡಗಿದ್ದಳು.